ಹಗೇವಿನೊಳಗಿನ ದನಿ

ತುಮಕೂರಿನ ಬೋರ್ಡಿಂಗ್ ಶಾಲೆಯಲ್ಲಿ ನಮಗೆ ಏಳುವುದಕ್ಕೆ, ಉಣ್ಣುವುದಕ್ಕೆ, ಮಲಗುವುದಕ್ಕೆ ಗಂಟೆ ಇತ್ತು. ಬೇಸಿಗೆ ರಜೆಯಲ್ಲಿ ತೋವಿನಕೆರೆಯ ಆಚೆ ಅಕ್ಕನ ಮನೆಗೆ ಹೋದರೆ ಅಲ್ಲಿ ಗಂಟೆ ಇರಲಿಲ್ಲ. ಆದರೂ ಕೆಲಸ ಹೊತ್ತು ತಪ್ಪುತ್ತಿರಲಿಲ್ಲ. ಹೊಲದ ನಡುವಿನ ಒಂಟಿ ಮನೆ ಅದು. ಅಕ್ಕ, ಭಾವ, ಭಾವನ ತಮ್ಮ, ಅವರ ತಾಯಿ, ಇಷ್ಟೇ ಜನ. ಆ ತಾಯಿಯನ್ನು ಅಕ್ಕನಂತೆ ನಾನೂ ಅತ್ತೆ ಎನ್ನುತ್ತಿದ್ದೆ. ಯುದ್ಧದಿಂದಾಗಿ ಸೀಮೆಎಣ್ಣೆ ಸಿಗದ ಕಾಲ. ಹೊಂಗೆ ಎಣ್ಣೆಯ ದೀಪದವರಿಗೆ ಆ ಕೊರತೆ ತಟ್ಟಿರಲಿಲ್ಲ. ಉಪ್ಪಿಗೆ ಬಿಟ್ಟರೆ ಅವರು ಸಂತೆಯ ದಾರಿ ಹಿಡಿದದ್ದನ್ನು ನಾನು ಕಾಣೆ.

ರಾಗಿ ಇರುತ್ತಿದ್ದದ್ದು ನೆಲದೊಳಗೆ. ಕಣದ ಮೂಲೆಯಲ್ಲಿ ಗುಡಾಣದ ಆಕಾರಕ್ಕೆ ತೋಡಿದ ಹಗೇವು. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಅದರ ಮೇಲೆ ಚಪ್ಪಡಿ, ಚಪ್ಪಡಿಯ ಮೇಲೆ ಮಣ್ಣು. ಮುಚ್ಚಿದ ಹಗೇವಿನ ಗಾಳಿ ಮನುಷ್ಯನನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಆದ್ದರಿಂದ ಹಿಂದಿನ ದಿನವೇ ಚಪ್ಪಡಿ ಸರಿಸಿ, ಸೊಪ್ಪಿನ ಕಂತೆಯನ್ನು ಹಗ್ಗದಲ್ಲಿ ಏರಿಳಿಸಿ ಗಾಳಿ ಆಡಿಸಿದ್ದರು. ಬೆಳಗ್ಗೆ ಗಾಳಿ ಸರಿಯಾಯಿತೇ ಎಂದು ದೀಪ ಇಳಿಸಿ ನೋಡಿದರು. ಉರಿಯಿತು. ಭಾವ ಕಂಕುಳ ಕೆಳಗೆ ಹಗ್ಗ ಬಿಗಿದು ಇಳಿದರು. ಹಗ್ಗದ ತುದಿ ನನ್ನ ಮತ್ತು ಅವರ ತಮ್ಮನ ಕೈಯಲ್ಲಿ. ಮೇಲಿನವರು ಕೂಗುತ್ತಲೇ ಇರಬೇಕು, ಇಳಿದವನು ಓಗೊಡುತ್ತಲೇ ಇರಬೇಕು. ದನಿ ನಿಂತರೆ ಎಳೆಯಬೇಕು. ಕೂಗುವ ಕೆಲಸ ಅತ್ತೆಯದು.

“ಮಗಾ, ಇದೀಯೇನ್ಲಾ?”

“ಇಲ್ದೆ ಎಲ್ಲೋಗ್ಲವ್ವಾ? ನಿಮ್ಮಪ್ಪನ್ ಸಂಗಡ ಎಲೆ ಅಡ್ಕೆ ಹಾಕ್ಕೊಂಡು ಕುಂತಿವ್ನಿ. ನಿನ್ನೂ ಕರೀತಾವ್ನೆ.”

“ನಿನ್ ಬಾಯ್ಗೆ ಮಣ್ಣಾಕ. ರಾಗಿ ತುಂಬ್ಲಾ.”

ಇನ್ನೊಂದು ಹಗ್ಗದಲ್ಲಿ ಬುಟ್ಟಿ ತುಂಬಿ ಬರುತ್ತಿತ್ತು. ಅಕ್ಕ ಅದನ್ನು ಮನೆಯೊಳಗೆ ಸುರಿದು ಬರುತ್ತಿದ್ದಳು. ಹೊತ್ತು ನೆತ್ತಿಗೆ ಬಂತು. ಸಿದ್ದರಬೆಟ್ಟ ಬಿಸಿಲಿನಲ್ಲಿ ಬೆಳ್ಳಗಾಗಿ ಇದೆಯೋ ಇಲ್ಲವೋ ಎಂಬಂತಿತ್ತು. ಕಣದಲ್ಲಿ ನೊಣದ ಸದ್ದೂ ಇರಲಿಲ್ಲ.

“ಮಗಾ?”

“ಊಂ.”

“ಮಗಾ?”

“ಊಂ.”

ದನಿ ಭಾವನದೇ. ಸ್ವಲ್ಪ ಆಳದಿಂದ ಬಂದಂತಿತ್ತು, ಅಷ್ಟೆ. ಕೂಗಿದಷ್ಟು ಸಲವೂ ಒಂದೇ ಅಳತೆಯಲ್ಲಿ ಬರುತ್ತಿತ್ತು. ಬರಿಯ ಬುಟ್ಟಿ ಹಿಡಿದು ಬಂದ ಅಕ್ಕ ಹಗೇವಿನ ಬಾಯಿಯ ಹತ್ತಿರ ನಿಂತು ಆಲಿಸಿದಳು.

“ಎಳೀರಿ.”

“ಯಾಕೆ?” ಅಂದರು ಅತ್ತೆ. “ಓಗೊಡ್ತಾವ್ನಲ್ಲ.”

“ಅದು ಅವ್ರಲ್ಲ ಕಣತ್ತೆ.”

“ಹೆತ್ತೋಳ್ಗೆ ಮಗನ್ ದನಿ ಗೊತ್ತಿಲ್ವ? ನಿನ್ನೆ ಮೊನ್ನೆ ಬಂದೋಳು ನೀನು.”

“ದನಿ ಅವ್ರುದೇ. ಅವ್ರು ಯಾವತ್ತಾದ್ರೂ ನಿಮ್ಗೆ ಬರೀ ಊಂ ಅಂದವ್ರಾ? ಒಂದ್ ಮಾತಿಗೆ ಹತ್ ಮಾತಾಡೋರು.” ಅಕ್ಕ ನನ್ನತ್ತ ತಿರುಗಿದಳು. “ಎಳೀಲಾ.”

ಎಳೆದೆವು. ಹಗ್ಗ ಕಲ್ಲು ಕಟ್ಟಿದ ಹಾಗೆ ಬಂತು. ಭಾವನ ತಲೆ ಎದೆಯ ಮೇಲೆ ಜೋತಿತ್ತು, ತುಟಿ ನೀಲಿಗಟ್ಟಿತ್ತು. ಕಣದಲ್ಲಿ ಮಲಗಿಸಿದೆವು. ಅತ್ತೆ ಅವರ ಕೆನ್ನೆ ಹಿಡಿದು “ಮಗಾ” ಎಂದರು.

“ಊಂ” ಎಂದಿತು, ನಮ್ಮ ಬೆನ್ನ ಹಿಂದೆ, ಹಗೇವಿನೊಳಗಿನಿಂದ.

ಯಾರೂ ತಿರುಗಿ ನೋಡಲಿಲ್ಲ. ಅಕ್ಕ ಗಂಡನ ಮುಖಕ್ಕೆ ನೀರು ಎರಚಿದಳು, ಭಾವನ ತಮ್ಮ ಎದೆ ಉಜ್ಜಿದ, ನಾನು ಗೋಣಿಯಿಂದ ಗಾಳಿ ಬೀಸಿದೆ. ತುಂಬ ಹೊತ್ತಿನ ಮೇಲೆ ಭಾವ ಉಸಿರೆಳೆದು ಕೆಮ್ಮಿದರು. ರಾಗಿ ಬಗೆಯುತ್ತಾ ಗೋಡೆಯ ಬುಡಕ್ಕೆ ಹೋದದ್ದು ಅವರಿಗೆ ನೆನಪಿತ್ತು. ಆಮೇಲೆ ತಾಯಿ ಕೂಗಿದ್ದು ಒಂದೂ ಕೇಳಿಸಿರಲಿಲ್ಲ.

ಉಳಿದ ರಾಗಿ ಮಳೆಗೆ ಮುಂಚೆ ಮೇಲೆ ಬರಲೇಬೇಕಿತ್ತು. ಮನೆಯಲ್ಲಿ ಬೇರೆ ಕಾಳಿರಲಿಲ್ಲ. ಎರಡು ದಿನ ಹಗೇವನ್ನು ತೆರೆದೇ ಬಿಟ್ಟರು. ಆಮೇಲೆ ಇಳಿಸಿದ ದೀಪ ಉರಿಯಿತು. ಅದನ್ನು ಈ ಸಲ ಒಳಗೇ ಬಿಟ್ಟರು. ಭಾವ ಹಗ್ಗ ಕಟ್ಟಿಕೊಂಡು ನಿಂತರು. ಅತ್ತೆ ಒಂದು ಕೈಯಿಂದ ಮಗನ ಬಾಯಿ ಮುಚ್ಚಿ, ಬಗ್ಗಿ ಹಗೇವಿನೊಳಕ್ಕೆ “ಮಗಾ” ಎಂದು ಕೂಗಿದರು.

ಕಾದೆವು. ಏನೂ ಬರಲಿಲ್ಲ. ಮತ್ತೆ ಕೂಗಿದರು. ಬರಲಿಲ್ಲ.

ಭಾವ ಇಳಿದರು. ಅತ್ತೆ ಪಕ್ಕಕ್ಕೆ ಸರಿದು ಸೊಸೆಗೆ ಜಾಗ ಬಿಟ್ಟರು.

“ನೀನೇ ಕೂಗು ಕಣಮ್ಮ,” ಅಂದರು. “ನಂಗೆ ಗೊತ್ತಾಗಾಕಿಲ್ಲ.”