ದಪ್ಪ ಪುಸ್ತಕವನ್ನೇ ಕೊಡುವ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಮೂರನೇ ಮಹಡಿಯ ಬಟ್ಟೆ ಕೋಣೆಯಲ್ಲಿ, ಒಗೆದು ಬಂದ ಹಾಸುಗಳ ರಾಶಿಯ ಪಕ್ಕ ಸ್ಟೂಲಿನ ಮೇಲೆ ಕೂತು, ಆಕೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಕಾದಂಬರಿಗಳ ಮೈ ಒರೆಸುತ್ತಿದ್ದಾರೆ. ಮುಂದಿನ ರಟ್ಟು, ಬೆನ್ನು, ಹಿಂದಿನ ರಟ್ಟು. ಒರೆಸಿದ್ದಾಯಿತೆಂದರೆ ಅಂಗೈ ಮೇಲಿಟ್ಟು ಒಮ್ಮೆ ತೂಗಿ ನೋಡಿ ಟ್ರಾಲಿಯ ಕೆಳಗಿನ ತಟ್ಟೆಗೆ ಸೇರಿಸುತ್ತಾರೆ. ಊಟ ಸಾಗಿಸಲು ಬಾರದೆಂದು ಮೂಲೆಗೆ ತಳ್ಳಿದ್ದ ಟ್ರಾಲಿ ಅದು. ಅದರ ಒಂದು ಗಾಲಿ ಕಿರುಗುಟ್ಟುತ್ತದೆ. ಎಣ್ಣೆ ಬಿಡಬಾರದೇ ಎಂದು ಕೇಳಿದರೆ, "ಬೇಡ, ಆ ಸದ್ದು ಕೇಳಿದ ಮೇಲೇ ಅವರು ಎದ್ದು ಕೂರೋದು" ಎನ್ನುತ್ತಾರೆ.

ಇದು ಕ್ಯಾನ್ಸರ್ ವಾರ್ಡು. ಹಾಸಿಗೆಗಳು ಹದಿನಾಲ್ಕು. ಆಸ್ಪತ್ರೆಯ ಕಡತದಲ್ಲಿ ಈಕೆ ಆಯಾ. ಹಾಸು ಬದಲಿಸುವುದು, ವಾಂತಿಯ ತಟ್ಟೆ ತೊಳೆಯುವುದು, ಕೈಲಾಗದವರ ಮೈ ಒರೆಸುವುದು ಆಕೆಯ ಕೆಲಸ. ಯಾರಿಗೆ ಯಾವ ಕಾದಂಬರಿ ಎಂದು ಆರಿಸಿ ಕೊಡುವುದು ಯಾವ ಕಡತದಲ್ಲೂ ಇಲ್ಲ. ಆದರೂ ವಾರ್ಡಿನವರೆಲ್ಲ ಆಕೆಯನ್ನು ಕರೆಯುವುದು ಟ್ರಾಲಿ ಅಕ್ಕ ಎಂದೇ. ಹನ್ನೊಂದು ವರ್ಷಗಳಿಂದ ಹೀಗೇ ನಡೆದಿದೆ.

ನನಗೆ ಆಕೆಯ ಪರಿಚಯವಾದದ್ದು ಬೈಸಿಕೊಂಡು. ಈ ಪುರವಣಿಯಲ್ಲಿ ಹೊಸ ಕಾದಂಬರಿಗಳ ಅಂಕಣ ಬರೆಯುವ ನಾನು ತಿಂಗಳಿಗೆ ಹತ್ತು ಪುಸ್ತಕ ಓದಿ ಎಂದು ಶಿಫಾರಸು ಮಾಡುತ್ತೇನೆ. ಒಂದು ಪತ್ತೇದಾರಿ, ಒಂದು ಪ್ರೇಮಕಥೆ, ಎರಡು ಅನುವಾದ, ಹೀಗೆ ಎಲ್ಲ ಬಗೆಯವೂ ಇರಲಿ ಎಂದು ಬಹಳ ತೂಗಿ ಅಳೆದು ಪಟ್ಟಿ ಮಾಡುತ್ತೇನೆ. ಬರೆದು ಮುಗಿದ ಪ್ರತಿಗಳನ್ನು ಪೆಟ್ಟಿಗೆಗೆ ತುಂಬಿ ಆಸ್ಪತ್ರೆಗೆ ಕಳಿಸಿ ಕೈತೊಳೆದುಕೊಳ್ಳುತ್ತಿದ್ದೆ. ಒಂದು ಸಲ ಪೆಟ್ಟಿಗೆಯಲ್ಲಿ ಮೂರು ಪುಸ್ತಕ ವಾಪಸು ಬಂದವು, ಜೊತೆಗೊಂದು ಚೀಟಿ: "ಇವು ಬೇಡ. ಎರಡರಲ್ಲಿ ಬರೀ ಅಡುಗೆ, ಊಟ. ಇನ್ನೊಂದರಲ್ಲಿ ಇನ್ನೂರನೇ ಪುಟ ಆದ ಮೇಲೆ ಬರೆದವರಿಗೇ ಬೇಜಾರಾಗಿದೆ." ಆ ಮೂರನೆಯದನ್ನು ನಾನು ಅಂಕಣದಲ್ಲಿ ಹಾಡಿ ಹೊಗಳಿದ್ದೆ. ಹೊಗಳುವಾಗ ಇನ್ನೂರನೇ ಪುಟದವರೆಗೂ ಹೋಗಿರಲಿಲ್ಲ ಎಂಬ ಸತ್ಯವನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಊಟದ ಕಾದಂಬರಿ ಯಾಕೆ ಬೇಡ ಎಂಬುದು ವಾರ್ಡಿಗೆ ಬಂದ ಮೇಲೆ ಗೊತ್ತಾಯಿತು. ಕೀಮೋ ಹಾಕಿದ ಮೂರನೇ ದಿನ ಅನ್ನ ಎಂಬ ಪದ ಓದಿದರೂ ಹೊಟ್ಟೆ ತೊಳಸುತ್ತದಂತೆ. ಸೂಜಿ ಚುಚ್ಚಿರುವ ದಿನ ಒಂದೇ ಕೈಯಲ್ಲಿ ಹಿಡಿಯಬೇಕು, ಆದ್ದರಿಂದ ಬೆನ್ನು ಮುರಿದು ಚಪ್ಪಟೆಯಾಗಿ ತೆರೆದುಕೊಳ್ಳುವ ಪುಸ್ತಕವೇ ಆಗಬೇಕು. ಆ ದಿನಕ್ಕೆ ಕೊಲೆಯ ಕಥೆ ಒಳ್ಳೆಯದು, ಯಾರು ಕೊಂದರು ಎಂಬ ಯೋಚನೆಯಲ್ಲಿ ಬಾಟಲಿ ಖಾಲಿಯಾಗಿರುತ್ತದೆ. ಪ್ರೇಮಕಥೆ ಕೇಳುವವರೆಲ್ಲ ಅರವತ್ತು ದಾಟಿದ ಗಂಡಸರು. ಬೇರೆ ಗ್ರಹಕ್ಕೆ ಹೋಗಿ ಮನೆ ಕಟ್ಟುವ ಕಥೆಗಳಿಗೆ ಕಾದು ಕೂರುವವರು ಅಜ್ಜಿಯರು. ದೂರ ದೇಶದ ಕಾದಂಬರಿಗಳಿಗಂತೂ ಎಲ್ಲಿಲ್ಲದ ಬೇಡಿಕೆ. "ಅದರಲ್ಲಿ ಯಾರೂ ನಮ್ಮ ನೆಂಟರ ಹಾಗಿರಲ್ಲವಲ್ಲ, ನೆಮ್ಮದಿಯಾಗಿ ಓದಬಹುದು" ಎನ್ನುತ್ತಾರೆ ಅಕ್ಕ. ಆ ಪರದೇಶದ ಹೆಸರುಗಳು ನೆನಪಿನಲ್ಲಿ ನಿಲ್ಲುವುದಿಲ್ಲವೆಂದು ರಟ್ಟಿನ ಒಳಗೆ ಒಂದು ಚೀಟಿ ಅಂಟಿಸಿರುತ್ತಾರೆ. ಇವನು ದೊಡ್ಡಣ್ಣ, ಇವಳು ಅವನ ಸೋದರತ್ತೆ, ಈ ಮುದುಕ ಯಾರೂ ಅಲ್ಲ, ಆದರೆ ಮನೆ ಬಿಟ್ಟು ಹೋಗಲ್ಲ.

ಹಳೆಯ ಕಾದಂಬರಿಗಳನ್ನು ಆಕೆ ಇಡುವುದಿಲ್ಲ. ಮೂರು ನಾಲ್ಕು ವರ್ಷದ ಈಚಿನವೇ ಬೇಕು. ಹಳೆಯವನ್ನು ಎಲ್ಲರೂ ಓದಿರುತ್ತಾರೆ, ಕೊನೆಗೆ ಏನಾಗುತ್ತದೆಂದು ಗೊತ್ತಿರುವುದು ಇಲ್ಲಿ ಯಾರಿಗೂ ಬೇಡ ಎಂಬುದು ಆಕೆಯ ಅನುಭವ.

ವಾರಕ್ಕೆ ಆರೇಳು ಪುಸ್ತಕ ಕೈ ಬದಲಾಗುತ್ತವೆ. ಕೊಡುವ ಪ್ರತಿಯೊಂದನ್ನೂ ಆಕೆ ಮೊದಲು ತಾವು ಓದಿರಬೇಕು. ಬಸ್ಸಿನಲ್ಲಿ ಬರುವಾಗ ಮೂವತ್ತು ಪುಟ, ಹೋಗುವಾಗ ಮೂವತ್ತು. ಉಳಿದದ್ದನ್ನು ಮನೆಯಲ್ಲಿ ಅತ್ತೆಗೆ ಓದಿ ಹೇಳುತ್ತಾರೆ. ಅತ್ತೆಗೆ ಕಿವಿ ಮಂದ, ಇವರು ಗಂಟಲು ಹರಿಯುವಂತೆ ಓದಬೇಕು, ಹೀಗಾಗಿ ಕೊಲೆಗಾರ ಯಾರೆಂದು ಇಡೀ ವಠಾರಕ್ಕೆ ಗೊತ್ತಾಗಿಬಿಡುತ್ತದೆ. ಹತ್ತು ಪುಸ್ತಕ ಕೊಟ್ಟರೆ ನಾಲ್ಕು ಪೂರ್ತಿ ಓದಿಸಿಕೊಂಡು ಬರುತ್ತವೆ. ಮೂರು, ಓದುವವರು ಮನೆಗೆ ಹೋದರೆಂದು ಅರ್ಧಕ್ಕೇ ಬರುತ್ತವೆ. ಉಳಿದ ಮೂರರ ಬಗ್ಗೆ ಕೇಳಬೇಡಿ ಎಂದರು. ಓದಿದಷ್ಟಕ್ಕೆ ಗುರುತಿಡಲು ಆಕೆ ಕೊಡುವುದು ಬ್ಯಾಂಡೇಜ್ ಬಟ್ಟೆಯ ಬಿಳಿ ಪಟ್ಟಿ. ಆ ಮೂರು ಪುಸ್ತಕಗಳಿಂದ ಪಟ್ಟಿ ತೆಗೆಯುವ ಕೆಲಸವೂ ಆಕೆಯದೇ.

ಓದು ಆಕೆಗೆ ಶಾಲೆಯಿಂದ ಬಂದದ್ದಲ್ಲ. ಹದಿನಾರು ವರ್ಷ ಮುದ್ರಣಾಲಯದಲ್ಲಿ ಫಾರಂ ಮಡಿಸುತ್ತಿದ್ದರು, ಅಂದರೆ ಅಚ್ಚಾದ ದೊಡ್ಡ ಹಾಳೆಯನ್ನು ಹದಿನಾರು ಪುಟ ಬರುವಂತೆ ಮಡಚುವ ಕೆಲಸ. ಮಡಚುತ್ತ ಮಡಚುತ್ತ ಓದಿದರು. ಮಡಚದ ಹಾಳೆಯಲ್ಲಿ ಪುಟಗಳು ಹಿಂದುಮುಂದಾಗಿರುತ್ತವೆ, ಹಾಗಾಗಿ ಕಥೆಯಲ್ಲಿ ಮದುವೆ ಮೊದಲು, ಹೆಣ್ಣು ನೋಡಿದ್ದು ಆಮೇಲೆ. ಮಡಿಸುವ ಯಂತ್ರ ಬಂದಾಗ ಒಂದೇ ದಿನ ಒಂಬತ್ತು ಹೆಂಗಸರನ್ನು ಮನೆಗೆ ಕಳಿಸಿದರು. ಆದರೆ ಕೈ ಕಲಿತದ್ದನ್ನು ಮರೆತಿಲ್ಲ. ಯಾವ ಪುಸ್ತಕ ಕೊಟ್ಟರೂ ತೂಗಿ ನೋಡಿ ಎಷ್ಟು ಪುಟ ಎಂದು ಹೇಳುತ್ತಾರೆ. ಕಣ್ಣು ಮುಚ್ಚಿಸಿ ಐದು ಪುಸ್ತಕ ಕೊಟ್ಟೆ. ಐದೂ ಸರಿ.

ಆ ಕೆಲಸ ಹೋದ ಎರಡೇ ವರ್ಷದಲ್ಲಿ ಗಂಡ ಇದೇ ಆಸ್ಪತ್ರೆಯ ಕೆಳಗಿನ ಮಹಡಿಯಲ್ಲಿ ತೀರಿಕೊಂಡರು. "ಹನ್ನೊಂದು ದಿನ ಗೋಡೆ ನೋಡ್ತಾ ಮಲಗಿದ್ರು. ಕೈಯಲ್ಲಿ ಏನೂ ಇರಲಿಲ್ಲ. ನಂಗೆ ಆಗ ಹೊಳೀಲೇ ಇಲ್ಲ" ಎಂದರು ಅಕ್ಕ. ಆಯಾ ಕೆಲಸ ಸಿಕ್ಕ ಮೊದಲ ವಾರವೇ ಮೂಲೆಯ ಟ್ರಾಲಿಯನ್ನು ಎಳೆದು ತಂದರಂತೆ.

ನಾನು ಹೋದ ದಿನ ಟ್ರಾಲಿ ಏಳನೇ ಹಾಸಿಗೆಯ ಬಳಿ ನಿಂತುಬಿಟ್ಟಿತು. ಅಲ್ಲಿ ಮಲಗಿರುವವರು ಕಾರು ಓಡಿಸಲು ಹೇಳಿಕೊಡುತ್ತಿದ್ದ ಐವತ್ತರ ಹೆಂಗಸು. ವಾರ್ಡಿಗೆಲ್ಲ ಡ್ರೈವಿಂಗ್ ಮೇಡಂ. ಅವರ ಕೈಯಲ್ಲಿ ಮರಳುಗಾಡಿನ ದೇಶವೊಂದರ ಮೂರು ತಲೆಮಾರಿನ ಕಥೆ, ಆರುನೂರ ಇಪ್ಪತ್ತನಾಲ್ಕು ಪುಟ. ಒಂದು ತಿಂಗಳಲ್ಲಿ ಪಟ್ಟಿ ಬಂದಿರುವುದು ಇನ್ನೂರ ಹನ್ನೊಂದನೇ ಪುಟಕ್ಕೆ. ಅದನ್ನು ಮುಚ್ಚಿ ಅಕ್ಕನ ಕಡೆ ಚಾಚಿದರು.

"ಇದನ್ನ ನಾನು ಮುಗಿಸಲ್ಲ ಅಕ್ಕಾ. ಡಾಕ್ಟ್ರನ್ನ ಕೇಳಿದೀನಿ, ಹೇಳಿದಾರೆ. ಒಂದು ತೆಳ್ಳಗಿನದು ಕೊಡಿ. ಕೊನೇ ಪುಟ ಓದಿದೆ ಅಂತ ಒಂದಾದ್ರೂ ಇರಲಿ."

ಅಕ್ಕ ಆ ಪುಸ್ತಕ ತೆಗೆದುಕೊಳ್ಳಲಿಲ್ಲ. ನೋಡ್ತೀನಿ ಎಂದಷ್ಟೇ ಹೇಳಿ ಟ್ರಾಲಿ ತಳ್ಳಿದರು. ಬಟ್ಟೆ ಕೋಣೆಗೆ ಬಂದ ಮೇಲೆ ಬಾಗಿಲು ಮುಂದೆ ಮಾಡಿ ಗೋಡೆಯ ಕಪಾಟನ್ನು ತೋರಿಸಿದರು. ಅದಕ್ಕೆ ಬೀಗ. ಒಳಗೆ ಮೂವತ್ತೊಂದು ತೆಳ್ಳನೆಯ ಕಾದಂಬರಿಗಳು. ನಾನು ಕಳಿಸಿದವುಗಳಲ್ಲಿ ತೀರಾ ಚೆನ್ನಾಗಿದ್ದ ಕೆಲವು ಅಲ್ಲಿವೆ. ಆರು ವರ್ಷಗಳಿಂದ ನಾನೂರು ಪುಟಕ್ಕೆ ಕಡಿಮೆಯಿರುವ ಒಂದು ಪುಸ್ತಕವನ್ನೂ ಆಕೆ ಈ ವಾರ್ಡಿನಲ್ಲಿ ಯಾರಿಗೂ ಕೊಟ್ಟಿಲ್ಲ.

ಆರು ವರ್ಷದ ಹಿಂದೆ ಬೀಗ ರಿಪೇರಿ ಮಾಡುವವರೊಬ್ಬರು ಇದ್ದರಂತೆ, ನಲವತ್ತು ತುಂಬಿರದ ಮನುಷ್ಯ. ಎರಡು ದಪ್ಪ ಕಾದಂಬರಿ ಮುಗಿಸಿ ಮೂರನೆಯದಕ್ಕೆ ಕಾದಿದ್ದರು. ಆ ಬೆಳಗ್ಗೆ ಸಿಸ್ಟರ್ ಮೇಜಿನ ಹತ್ತಿರ ಡಾಕ್ಟರ್ ಎರಡು ವಾರ ಎಂದದ್ದು ಅಕ್ಕನ ಕಿವಿಗೆ ಬಿತ್ತು. ರೋಗಿಗೆ ಹೇಳಬಾರದೆಂದು ಹೆಂಡತಿ ಕೈ ಮುಗಿದಿದ್ದರು. ಅಕ್ಕ ಯೋಚಿಸಿ ಯೋಚಿಸಿ, ಪೂರ್ತಿ ಓದಲು ಆಗುವಂಥದ್ದಿರಲಿ ಎಂದು ತೊಂಬತ್ತಾರು ಪುಟದ ಒಂದು ಕಾದಂಬರಿ ಕೊಟ್ಟರು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಸಲ ಯಾಕೆ ಇಷ್ಟು ತೆಳ್ಳಗಿನದು ಎಂದು ಕೇಳಿದರು. ಚೆನ್ನಾಗಿದೆ, ಓದಿ ಎಂದರು ಅಕ್ಕ. ಆ ಸಂಜೆ ಆತ ಹೆಂಡತಿಗೆ ಹೇಳಿ ಅಂಗಡಿಯ ಕೀಲಿಗೊಂಚಲು ತರಿಸಿಕೊಂಡರು, ಯಾವ ಕೀಲಿ ಯಾವುದಕ್ಕೆ ಎಂದು ಒಂದೊಂದನ್ನೇ ಹಿಡಿದು ಹೇಳಿಕೊಟ್ಟರು. ಒಂಬತ್ತನೇ ದಿನ ಹೋದರು. ಪುಸ್ತಕ ತೆರೆದೇ ಇರಲಿಲ್ಲ.

"ಡಾಕ್ಟ್ರು ಹೇಳಲಿಲ್ಲ, ಹೆಂಡ್ತಿ ಹೇಳಲಿಲ್ಲ. ನಾನು ಹೇಳಿಬಿಟ್ಟೆ. ತುಟಿ ಪಿಟಕ್ಕನ್ನದೇ ಹೇಳಿಬಿಟ್ಟೆ."

ಆ ಪುಸ್ತಕದ ದಪ್ಪವನ್ನು ಆತ ಓದಿದಷ್ಟು ಕೂಲಂಕಷವಾಗಿ, ನಾನು ಇಷ್ಟು ವರ್ಷ ಬರೆದ ಶಿಫಾರಸುಗಳನ್ನು ಯಾರೂ ಓದಿರಲಾರರು.

ಈಗಿನ ತೊಡಕು ಬೇರೆ. ಕೇಳುತ್ತಿರುವವರಿಗೆ ಎಲ್ಲ ಗೊತ್ತಿದೆ, ಕೊಡದಿರಲು ಕಾರಣವಿಲ್ಲ. ಆದರೆ ದಪ್ಪ ಪುಸ್ತಕವೆಂದರೆ ಆಯುಸ್ಸು ಎಂಬ ನಂಬಿಕೆ ವಾರ್ಡಿನಲ್ಲಿ ತಾನೇ ಬೇರೂರಿದೆ. ಮೂರನೇ ಹಾಸಿಗೆಯ ಅಜ್ಜ, ಅಕ್ಕ ತನಗೆ ಏಳುನೂರು ಪುಟದ್ದು ಕೊಟ್ಟಿದ್ದಾರೆಂದು ಫೋನಿನಲ್ಲಿ ಮೊಮ್ಮಗಳಿಗೆ ಹೇಳಿಕೊಂಡು ನಗುವುದನ್ನು ನಾನೇ ಕೇಳಿದ್ದೆ. ಏಳನೇ ಹಾಸಿಗೆಯ ಮೇಲೆ ಒಂದು ತೆಳ್ಳನೆ ಪುಸ್ತಕ ಕಂಡರೆ ಉಳಿದ ಹದಿಮೂರು ಜನ ತಮ್ಮ ತಮ್ಮ ಪುಸ್ತಕವನ್ನು ಹೇಗೆ ನೋಡಿಯಾರು? ಅಕ್ಕ ಕೀಲಿಯ ದಾರವನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಆಮೇಲೆ ಕಪಾಟು ತೆರೆದು, ದ್ವೀಪವೊಂದರಲ್ಲಿ ದೋಣಿಯ ಟಿಕೆಟ್ ಹರಿಯುವವನು ಒಂದು ದಿನದ ರಜೆಗಾಗಿ ಪಡುವ ಪಾಡಿನ ಕಥೆಯನ್ನು ಹೊರಗೆ ತೆಗೆದರು. ನೂರಿಪ್ಪತ್ತು ಪುಟ, ತುಂಬ ನಗಿಸುವ ಪುಸ್ತಕ. ಅದನ್ನು ದಿಂಬಿನ ಚೀಲದಲ್ಲಿ ಸುತ್ತಿಕೊಂಡು ಹೋದರು.

ನಾನು ಬಾಗಿಲಲ್ಲೇ ನಿಂತು ನೋಡಿದೆ. ದಿಂಬು ಬದಲಿಸುವ ನೆಪದಲ್ಲಿ ಅಕ್ಕ ಬಗ್ಗಿದರು, ಊಟದ ಹಲಗೆಯ ಮೇಲೆ ಮರಳುಗಾಡಿನ ಕಥೆಯನ್ನು ಅಗಲವಾಗಿ ಬಿಡಿಸಿಟ್ಟರು, ಅದರ ಹೊಟ್ಟೆಯೊಳಗೆ ದ್ವೀಪದ ಕಥೆಯನ್ನು ಇಟ್ಟರು. ಪಾಠದ ಪುಸ್ತಕದೊಳಗೆ ಕಾದಂಬರಿ ಇಟ್ಟುಕೊಂಡು ನಾವೆಲ್ಲ ಓದಿದ್ದೂ ಹೀಗೇ. ಡ್ರೈವಿಂಗ್ ಮೇಡಂ ಒಂದು ಸಲ ಅತ್ತಿತ್ತ ನೋಡಿ, ಹಿಂದಿನ ಬೆಂಚಿನ ಹುಡುಗಿಯ ಹಾಗೆ ತಲೆ ಬಗ್ಗಿಸಿದರು.

ಹದಿಮೂರು ದಿನ ಬಿಟ್ಟು ಮತ್ತೆ ಹೋಗುತ್ತೇನೆ. ಬೆಳಗಿನ ಆರು ಗಂಟೆ. ಏಳನೇ ಹಾಸಿಗೆಯ ಮೇಲೆ ಹಾಸಿಲ್ಲ. ಬರಿಯ ರೆಕ್ಸಿನ್ ಮೇಲೆ ಫಿನಾಯಿಲ್ ಇನ್ನೂ ಆರಿಲ್ಲ. ಅಕ್ಕ ಬಟ್ಟೆ ಕೋಣೆಯಲ್ಲಿ ಎರಡು ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದಾರೆ. ನಿನ್ನೆ ರಾತ್ರಿ ಹೋದರು ಎಂದು ಹೇಳಿ, ಹತ್ತಿಗೆ ಸ್ಪಿರಿಟ್ ಹಾಕುತ್ತಾರೆ.

ತೆಳ್ಳನೆಯದರಲ್ಲಿ ಬಿಳಿ ಪಟ್ಟಿ ಇಲ್ಲ. ಹಾಗಾದರೆ ಎಷ್ಟನೇ ಪುಟದವರೆಗೆ ಓದಿದರು ಎಂದು ಕೇಳುತ್ತೇನೆ. ಅಕ್ಕ ದಪ್ಪನೆಯದನ್ನು ಎತ್ತಿಕೊಂಡು ಪಟ್ಟಿ ಇರುವಲ್ಲಿ ತೆರೆಯುತ್ತಾರೆ. ಇನ್ನೂರ ಇಪ್ಪತ್ತಾರನೇ ಪುಟ.

"ಆ ತೆಳ್ಳಗಿನದು ಎಂಟೇ ದಿನಕ್ಕೆ ಮುಗೀತು. ಕೊನೇ ಪುಟ ಎರಡು ಸಲ ಓದಿದ್ರಂತೆ. ಆಮೇಲೆ ಪಟ್ಟಿ ತೆಗೆದು ಇದರೊಳಗೆ ಇಟ್ರು, ಬಿಟ್ಟ ಕಡೆಯಿಂದ ಶುರು ಮಾಡಿದ್ರು. ಹದಿನೈದು ಪುಟ ಓದಿದಾರೆ."

ಪುಸ್ತಕಗಳ ಮೈ ಒರೆಸಿ ಆಗುತ್ತದೆ. ದಪ್ಪನೆಯದು ಟ್ರಾಲಿಗೆ, ತೆಳ್ಳನೆಯದು ಕಪಾಟಿಗೆ. ಹತ್ತು ಗಂಟೆಗೆ ಏಳನೇ ಹಾಸಿಗೆಗೆ ಹೊಸಬರು ಬರಲಿದ್ದಾರಂತೆ, ಗಾಜು ಕತ್ತರಿಸುವ ಕೆಲಸದವರು. ಅವರಿಗೆ ಹಿಮದ ದೇಶದ ಕೊಲೆಯ ಕಥೆ ಕೊಡುವುದೆಂದು ಅಕ್ಕ ಆಗಲೇ ತೂಗಿ ನೋಡಿ ಎತ್ತಿಟ್ಟಿದ್ದಾರೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಂಥ ಲೇಖನ ಬರೆಯುವವರು ಕೊನೆಗೆ ಕೇಳಲೇಬೇಕಾದ ಪ್ರಶ್ನೆ ಅದು. ಅಕ್ಕ ಹಾಸುಗಳನ್ನು ಟ್ರಾಲಿಯ ಮೇಲಿನ ತಟ್ಟೆಗೆ ಹೇರಿ, ಹಿಡಿಗೆ ಕೈಯಿಟ್ಟು, ನನ್ನ ಕಡೆ ತಿರುಗುತ್ತಾರೆ.

"ನಿಮ್ಮ ಅಂಕಣದಲ್ಲಿ ಪುಸ್ತಕದ ಹೆಸರು ಹಾಕ್ತೀರಿ, ಬರೆದವರ ಹೆಸರು ಹಾಕ್ತೀರಿ, ಯಾವ ದೇಶದ್ದು ಅಂತಾನೂ ಹಾಕ್ತೀರಿ. ಎಷ್ಟು ಪುಟ ಅಂತ ಮಾತ್ರ ಹಾಕಲ್ಲ. ಅದೊಂದು ಹಾಕಿ ಮೇಡಂ. ಓದೋರಿಗೆ ಬೇಕಾಗುತ್ತೆ."