ಅತ್ತೆಗೊಂಬೆ ತಡವಾಗಿ ನಕ್ಕಿತು

ನಮ್ಮ ಚಿಕ್ಕಮ್ಮನಿಗೆ ಅಳತೆ ಟೇಪು ಬೇಕಾಗುತ್ತಿರಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತುವವರ ತೋಳು, ಭುಜ, ಸೊಂಟ ಎಲ್ಲವನ್ನೂ ಕಣ್ಣಲ್ಲೇ ಅಳೆದುಬಿಡುತ್ತಿದ್ದಳು. ಟೇಪು ಹಿಡಿಯುತ್ತಿದ್ದುದು ಗಿರಾಕಿಗಳ ಸಮಾಧಾನಕ್ಕೆ. ಮೂವತ್ತು ವರ್ಷ ಒಂದೇ ಹೊಲಿಗೆ ಯಂತ್ರ, ಒಂದೇ ಕಿಟಕಿ, ಗೋಡೆಯ ತುಂಬ ಬೇರೆಯವರ ಬಟ್ಟೆ. ಅಂಥವಳು ಒಂದೇ ಒಂದು ಸಲ ಅಳತೆ ತಪ್ಪಿದಳು. ಅದೂ ಒಂದು ಗೊಂಬೆಯ ಅಂಗಿಗೆ.

ಅದಕ್ಕೆ ಮೊದಲು ನನ್ನ ಅಮ್ಮನ ಕಿವಿಯ ವಿಷಯ ಹೇಳಬೇಕು. ಅಮ್ಮ ಚಿಕ್ಕಮ್ಮನ ಅಕ್ಕ. ಚಿಕ್ಕಂದಿನಲ್ಲಿ ತಂಗಿಗೆ ಮಂಗನಬಾವು ಬಂದಾಗ ಪಕ್ಕದಲ್ಲೇ ಮಲಗಿ ಆರೈಕೆ ಮಾಡಿದವಳು ಅಮ್ಮ. ಅವಳಿಗೂ ಅಂಟಿತು. ತಂಗಿ ವಾರದೊಳಗೆ ಎದ್ದು ಕುಣಿದಾಡಿದಳು, ಅಕ್ಕನ ಎಡಗಿವಿ ಪೂರ್ತಿ ಹೋಯಿತು. ವಯಸ್ಸಾಗುತ್ತ ಬಲಗಿವಿಯೂ ಮಂದವಾಯಿತು. ಇದು ಮನೆಯವರಿಗಷ್ಟೇ ಗೊತ್ತಿದ್ದ ಗುಟ್ಟು. ಅಮ್ಮ ಪುಟ್ಟ ಮಕ್ಕಳ ಶಾಲೆಯಲ್ಲಿ ಆಯಾ ಆಗಿದ್ದಳು. ಕಿವಿ ಕೇಳದವಳ ಕೈಗೆ ಮಕ್ಕಳನ್ನು ಯಾರು ಕೊಡುತ್ತಾರೆ ಎಂದು ಅವಳಿಗೆ ಭಯ.

ಹಾಗಾಗಿ ನಾಲ್ಕು ಜನರ ನಡುವೆ ಅವಳು ಬಲಕ್ಕೆ ತಲೆ ವಾಲಿಸಿ, ಮಾತು ಮುಗಿಯುವ ಮೊದಲೇ “ಹೌದು ಹೌದು” ಎಂದು ತಲೆಯಾಡಿಸುತ್ತಿದ್ದಳು. ನಗುವುದಕ್ಕೆ ಮಾತ್ರ ಅಕ್ಕತಂಗಿಯರ ನಡುವೆ ಒಂದು ಏರ್ಪಾಡಿತ್ತು. ಚಿಕ್ಕಮ್ಮ ಯಾವಾಗಲೂ ಅವಳ ಎಡಕ್ಕೆ ಕೂರುತ್ತಿದ್ದಳು. ಯಾರಾದರೂ ತಮಾಷೆ ಮಾಡಿದರೆ ಅಮ್ಮನ ಕೈಯ ಹಿಂಭಾಗವನ್ನು ಬೆರಳಿನಿಂದ ಒತ್ತುತ್ತಿದ್ದಳು, ಅಮ್ಮ ನಗುತ್ತಿದ್ದಳು. ತಮಾಷೆ ಮುಗಿದು, ಬೆರಳು ಒತ್ತಿ, ನಗು ಬರುವಷ್ಟರಲ್ಲಿ ಒಂದು ಉಸಿರಿನಷ್ಟು ಹೊತ್ತು ಕಳೆದಿರುತ್ತಿತ್ತು. ಉಳಿದವರು ನಕ್ಕು ಸುಮ್ಮನಾಗುವಾಗ ಅಮ್ಮನ ನಗು ಶುರುವಾಗುತ್ತಿತ್ತು. ಜನ ಅವಳದು ನಿಧಾನದ ಸ್ವಭಾವ ಎಂದುಕೊಂಡಿದ್ದರು.

ಚಿಕ್ಕಮ್ಮನ ಅಂಗಡಿಯ ಹಿಂದೆ ಕಾಗದದ ಹಳೇ ಗೋದಾಮು ಇತ್ತು. ಅದನ್ನು ಬಾಡಿಗೆಗೆ ಹಿಡಿದು ಒಂದು ತಂಡ ಗೊಂಬೆಗಳ ಸಿನಿಮಾ ತೆಗೆಯಲು ಬಂತು. ಮಕ್ಕಳುಮರಿ ಸಮೇತ ಮನೆಯವರೆಲ್ಲ ಕೂತು ನೋಡುವಂಥ, ಹಾಡು ತುಂಬಿದ ತಮಾಷೆಯ ಚಿತ್ರ. ಒಂದು ದೊಡ್ಡ ಕುಟುಂಬ ಮನೆ ಬದಲಾಯಿಸುತ್ತದೆ. ಅಜ್ಜನ ಮಂಚ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಇಷ್ಟೇ ಕಥೆ. ಎಲ್ಲವೂ ಕೈಗೆ ತೊಟ್ಟು ಆಡಿಸುವ ಗೊಂಬೆಗಳು, ಒಟ್ಟು ಹನ್ನೊಂದು. ಅಂಗಿ ಹೊಲಿಯುವ ಕೆಲಸ ಚಿಕ್ಕಮ್ಮನಿಗೆ ಬಂತು.

ಹತ್ತು ಗೊಂಬೆಗಳ ಅಂಗಿಯನ್ನು ಆಡಿಸುವವರ ಕೈ ನೋಡಿಯೇ ಹೊಲಿದಳು. ಕೊನೆಯದು ಅತ್ತೆಗೊಂಬೆ. ಬೆಳಗಾದರೆ ಚಿತ್ರೀಕರಣ. ಅವಸರದಲ್ಲಿ ತನ್ನ ಕೈಗೇ ತೊಟ್ಟುಕೊಂಡು, ಬಿಚ್ಚಿ, ಮತ್ತೆ ತೊಟ್ಟು ಹೊಲಿದು ಮುಗಿಸಿದಳು. ಮರುದಿನ ಆಡಿಸುವವನ ಕೈ ಮಣಿಕಟ್ಟಿನ ಹತ್ತಿರವೇ ನಿಂತುಬಿಟ್ಟಿತು. ಬಿಚ್ಚಿ ಹೊಲಿಯಲು ಸಮಯವಿಲ್ಲ. ನಿರ್ದೇಶಕ ತಲೆ ಕೆರೆದುಕೊಂಡ. “ಇದು ಟೈಲರಮ್ಮನ ಕೈಗೇ ಹುಟ್ಟಿರೋದು. ಅವರೇ ಆಡಿಸ್ಲಿ ಬಿಡಿ. ಮೂಲೇಲಿ ನಿಂತು ತಲೆ ಆಡಿಸಿದ್ರೆ ಸಾಕು.”

ಚಿಕ್ಕಮ್ಮ ಮೇಜಿನ ಕೆಳಗೆ ಕೂತು ಕೈ ಮೇಲೆತ್ತಿದಳು. ಅಜ್ಜನ ಗೊಂಬೆ ಏನೋ ಅಂದಿತು, ಉಳಿದ ಗೊಂಬೆಗಳೆಲ್ಲ ನಕ್ಕವು. ಅತ್ತೆಗೊಂಬೆ ನಗಲಿಲ್ಲ. ಅವರಿವರ ಮುಖ ನೋಡಿತು, ಬಲಕ್ಕೆ ತಲೆ ವಾಲಿಸಿತು, ಎಲ್ಲರೂ ಸುಮ್ಮನಾದ ಮೇಲೆ ಭುಜ ಕುಣಿಸಿ ನಕ್ಕಿತು. ಇಡೀ ಗೋದಾಮು ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಇನ್ನೊಂದ್ಸಲ ಹಾಗೇ ಮಾಡಿ, ಟೈಲರಮ್ಮ,” ಎಂದ ನಿರ್ದೇಶಕ. ಮೂಲೆಯ ಅತ್ತೆ ಮೂರು ದಿನದಲ್ಲಿ ನಡುಮನೆಗೆ ಬಂದಳು. ಅವಳಿಗಾಗಿಯೇ ಹಾಡೊಂದನ್ನು ತಿದ್ದಿದರು. ಪ್ರತಿ ಚರಣದ ಕೊನೆಗೆ ವಾದ್ಯಗಳೆಲ್ಲ ನಿಲ್ಲಬೇಕು, ಆ ಮೌನದಲ್ಲಿ ಅತ್ತೆ ಒಬ್ಬಳೇ ನಗಬೇಕು.

ಅದು ಯಾರ ನಗು ಎಂದು ಆಗ ತಿಳಿಯಲಿಲ್ಲವೇ ಎಂದು ಎಷ್ಟೋ ವರ್ಷಗಳ ನಂತರ ನಾನು ಕೇಳಿದೆ. ಚಿಕ್ಕಮ್ಮ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದಳು.

“ಕೈಗೆ ಗೊತ್ತಿತ್ತು ಕಣೇ. ನಂಗೆ ಗೊತ್ತಾಗೋ ಹೊತ್ತಿಗೆ ಎಲ್ರೂ ನಗ್ತಾ ಇದ್ರು. ನಾನು ಮಾಡಿದ್ದಕ್ಕೆ ಅಷ್ಟು ಜನ ಯಾವತ್ತು ನಕ್ಕಿದ್ರು ಹೇಳು? ಬಿಡೋಕೆ ಮನಸ್ಸು ಬರ್ಲಿಲ್ಲ.”

ಅಕ್ಕನಿಗೆ ಅವಳು ಈ ವಿಷಯ ಹೇಳಲಿಲ್ಲ. ಸಿನಿಮಾ ಬಂದಾಗ ಇಷ್ಟೇ ಹೇಳಿದಳು: “ಅಕ್ಕಾ, ನಾನೂ ಒಂದು ಗೊಂಬೆ ಆಡಿಸಿದೀನಿ. ಯಾವ್ದು ಅಂತ ನೀನೇ ಕಂಡುಹಿಡಿ ನೋಡೋಣ.” ಅಮ್ಮ ಹಿಗ್ಗಿಹೋದಳು. ಶಾಲೆಯ ಮಕ್ಕಳಿಗೆಲ್ಲ ಹೇಳಿ, ಮುಖ್ಯೋಪಾಧ್ಯಾಯಿನಿಯನ್ನು ಒಪ್ಪಿಸಿ, ಒಂದು ಶನಿವಾರದ ಬೆಳಗಿನ ಆಟಕ್ಕೆ ಇಡೀ ಶಾಲೆಯನ್ನೇ ನಮ್ಮೂರಿನ ಚಿತ್ರಮಂದಿರಕ್ಕೆ ಹೊರಡಿಸಿದಳು. ಮಕ್ಕಳನ್ನು ಇಬ್ಬಿಬ್ಬರಂತೆ ಕೈ ಹಿಡಿಸಿ ಒಳಗೆ ಕರೆತಂದವಳೂ ಅವಳೇ. ಚಿಕ್ಕಮ್ಮ ಅವಳ ಎಡಕ್ಕೆ ಕೂತಳು, ನಾನು ಹಿಂದಿನ ಸಾಲಿನಲ್ಲಿ.

ಮೊದಲ ಅರ್ಧ ಗಂಟೆ ಎಲ್ಲವೂ ಎಂದಿನಂತೆ ನಡೆಯಿತು. ಬೆರಳು ಒತ್ತುತ್ತಿತ್ತು, ಅಮ್ಮ ನಗುತ್ತಿದ್ದಳು. ಆಮೇಲೆ ಮಂಚದ ಹಾಡು ಬಂತು. ವಾದ್ಯ ನಿಂತಿತು, ಅತ್ತೆಗೊಂಬೆ ತಲೆ ವಾಲಿಸಿತು, ಸುತ್ತ ನೋಡಿತು, ನಕ್ಕಿತು. ಚಿತ್ರಮಂದಿರ ಬಿದ್ದು ಬಿದ್ದು ನಕ್ಕಿತು. ಚಿಕ್ಕಮ್ಮನ ಬೆರಳು ಮಾತ್ರ ಮೇಲೆಯೇ ನಿಂತಿತ್ತು. ಒತ್ತಲಿಲ್ಲ. ಅಮ್ಮ ತನ್ನ ಕೈ ನೋಡಿಕೊಂಡಳು, ತಂಗಿಯ ಮುಖ ನೋಡಿದಳು, ಆಮೇಲೆ ಪರದೆ ನೋಡಿದಳು.

ಎರಡನೇ ಚರಣಕ್ಕೆ ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು ಕುರ್ಚಿಯ ಮೇಲೆ ನಿಂತು ಹಿಂದಕ್ಕೆ ತಿರುಗಿದಳು. ಅವಳ ಮುಖದಲ್ಲಿ ಕುಚೋದ್ಯವಿರಲಿಲ್ಲ, ಬರೀ ಖುಷಿಯಿತ್ತು.

“ಆಯಮ್ಮಾ, ಅದು ನೀವು!”

ಮಕ್ಕಳೆಲ್ಲ ತಿರುಗಿದರು. ಸಾಲಿನ ಕೊನೆಯಲ್ಲಿದ್ದ ಮುಖ್ಯೋಪಾಧ್ಯಾಯಿನಿಯೂ ತಿರುಗಿದರು. ಮೂರನೇ ಚರಣ ಬರುವಾಗ ಅರ್ಧ ಮಕ್ಕಳು ಪರದೆಯನ್ನು ಬಿಟ್ಟು ಅಮ್ಮನನ್ನೇ ನೋಡುತ್ತಿದ್ದರು. ನಗದೆ ಇದ್ದರೆ ಮಕ್ಕಳಿಗೆ ಬೇಸರವಾದೀತು ಎಂದುಕೊಂಡಳೋ ಏನೋ, ಯಾರ ಬೆರಳೂ ಒತ್ತದೆ ಅಮ್ಮ ತಾನೇ ನಕ್ಕಳು. ಅಷ್ಟು ಹೊತ್ತಿಗೆ ಎಲ್ಲರ ನಗುವೂ ಮುಗಿದಿತ್ತು. ಕತ್ತಲೆಯಲ್ಲಿ ಅವಳದೊಂದೇ ನಗು ಕೇಳಿಸಿತು.

ಮನೆಗೆ ನಡೆದು ಬರುವಾಗ ಅಮ್ಮ ಒಂದೇ ಮಾತು ಆಡಿದಳು.

“ಕಂಡುಹಿಡಿದೆ ಕಣೇ.”

ಆ ತಡವಾದ ನಗು ಕೇಳಿ ಅನುಮಾನ ಬಂದಿದ್ದ ಮುಖ್ಯೋಪಾಧ್ಯಾಯಿನಿ ಸೋಮವಾರ ಅವಳ ಹಿಂದೆ, ಎಡಬದಿಗೆ ನಿಂತು ಎರಡು ಸಲ ಮೆಲ್ಲಗೆ ಕರೆದರಂತೆ. ಅಮ್ಮ ತಿರುಗಲಿಲ್ಲ. ಅವರು ಗದರಲಿಲ್ಲ, ಕೆಲಸ ಬಿಡಿಸಲೂ ಇಲ್ಲ. ವಯಸ್ಸಾಯಿತು, ಮಕ್ಕಳ ಹಿಂದೆ ಓಡುವುದು ತಪ್ಪುತ್ತದೆ ಎಂದು ಗೌರವದಿಂದಲೇ ಹೇಳಿ ಸಾಮಾನಿನ ಕೋಣೆಗೆ ಹಾಕಿದರು. ಶಾಲೆಯ ಪಡಸಾಲೆಯ ಕಡೇ ತುದಿಯ ಕೋಣೆ ಅದು. ಸೀಮೆಸುಣ್ಣದ ಡಬ್ಬಿ, ಪೊರಕೆ, ಹರಿದ ಚಾಪೆಗಳು ಬಿಟ್ಟರೆ ಅಲ್ಲಿ ಇನ್ನೇನೂ ಇರಲಿಲ್ಲ. ಮಕ್ಕಳು ಆ ಕಡೆ ಬರುತ್ತಿರಲಿಲ್ಲ.

ಚಿಕ್ಕಮ್ಮ ಅತ್ತುಕೊಂಡು ಬಂದಳು. ಅಮ್ಮ ಬಟ್ಟೆ ಮಡಚುತ್ತ, “ನೀನೇನು ಬೇಕಂತ ಮಾಡಿದ್ಯಾ,” ಎಂದಳು. ಬೈದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು ಎಂದು ಚಿಕ್ಕಮ್ಮ ಇವತ್ತಿಗೂ ಹೇಳುತ್ತಾಳೆ.

ಸಿನಿಮಾ ಆರು ವಾರ ಓಡಿತು. ಮುಂದಿನ ವರ್ಷ ತಂಡದವರು ಎರಡನೇ ಸಿನಿಮಾಕ್ಕೆ ಬಂದರು. ಟೈಲರಮ್ಮ ಇಲ್ಲದೆ ಆಗುವುದಿಲ್ಲ ಎಂದು ದುಂಬಾಲು ಬಿದ್ದರು. ಅವಳು ಗೊಂಬೆಯನ್ನು ಇಸಿದುಕೊಂಡು, ಹೊಲಿಗೆ ಬಿಚ್ಚಿ, ಎರಡು ಕಡೆ ಬಟ್ಟೆ ಸೇರಿಸಿ, ಗಂಡಸಿನ ಕೈಗೆ ಸರಿಯಾಗುವಂತೆ ಹೊಲಿದು ಕೊಟ್ಟಳು. ತಿಂಗಳ ನಂತರ ನಿರ್ದೇಶಕ ಅಂಗಡಿಯ ಮುಂದೆ ಬಂದು ನಿಂತು ಪೆಚ್ಚಾಗಿ ಹೇಳಿದ: “ಅತ್ತೆಗೆ ಏನಾಗಿದೆಯೋ, ಈಗ ಎಲ್ಲರ ಜೊತೇಲೇ ನಕ್ಕುಬಿಡ್ತಾಳೆ. ಒಬ್ರೂ ನಗಲ್ಲ.”

ನಾನು ಕೆಲಸಕ್ಕೆ ಸೇರಿದ ಮೇಲೆ ಅಮ್ಮನಿಗೆ ಕಿವಿಯ ಮೆಷಿನ್ ಹಾಕಿಸಿದೆ. ಈಗ ಬಲಗಿವಿಗೆ ಚೆನ್ನಾಗಿ ಕೇಳಿಸುತ್ತದೆ. ಬೆರಳು ಒತ್ತುವ ಅಗತ್ಯವಿಲ್ಲ. ಹೋದ ತಿಂಗಳು ಮನೆಯಲ್ಲಿ ಎಲ್ಲರೂ ಸೇರಿದ್ದಾಗ ನನ್ನ ಗಂಡ ತಮಾಷೆಯೊಂದನ್ನು ಹೇಳಿದರು, ಮನೆ ನಕ್ಕಿತು. ಚಿಕ್ಕಮ್ಮ ಎಂದಿನಂತೆ ಎಡಕ್ಕೆ ಕೂತಿದ್ದಳು. ಅವಳ ಬೆರಳು ತಾನಾಗಿಯೇ ಅಮ್ಮನ ಕೈ ಮೇಲೆ ಹೋಗಿ ಒತ್ತಿತು. ಅಮ್ಮ ತನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡು, ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿ, ಎದ್ದು ಅಡುಗೆಮನೆಗೆ ಹೋದಳು.

ಎಲ್ಲರೂ ಸುಮ್ಮನಾಗಿದ್ದರು. ಆಗ ಚಿಕ್ಕಮ್ಮ ನಕ್ಕಳು, ಒಬ್ಬಳೇ.