ಬೈಯಲು ಇಟ್ಟ ಹೆಸರು

ನಮ್ಮಣ್ಣನಿಗೆ ಅಪ್ಪ ಹೆಸರಿಟ್ಟದ್ದು ಬೈಯುವುದಕ್ಕೆ. ಕರೆಯುವುದಕ್ಕಲ್ಲ, ಮುದ್ದಿಸುವುದಕ್ಕಂತೂ ಮೊದಲೇ ಅಲ್ಲ. ಮಕ್ಕಳಿಗೆ ಸಿನಿಮಾ ನಟರ ಹೆಸರಿಡುವವರನ್ನು ನೋಡಿದ್ದೇನೆ. ಹೊಸದಾಗಿ ಕೊಂಡ ಸ್ಕೂಟರಿನ ಹೆಸರನ್ನು ಮಗಳಿಗಿಟ್ಟವರನ್ನೂ ನೋಡಿದ್ದೇನೆ. ಅವಳಿ ಗಂಡುಮಕ್ಕಳಿಗೆ ಎರಡು ಸಾಬೂನುಗಳ ಹೆಸರಿಟ್ಟ ಪುಣ್ಯಾತ್ಮನೊಬ್ಬ ನಮ್ಮ ಬೀದಿಯಲ್ಲೇ ಇದ್ದ. ಅವರೆಲ್ಲ ಪೆದ್ದರು, ಅಷ್ಟೇ. ಪೆದ್ದುತನವನ್ನು ಕ್ಷಮಿಸಬಹುದು. ನಮ್ಮಪ್ಪ ಪೆದ್ದನಲ್ಲ.

ಅಪ್ಪ ಮೇಜು, ಕುರ್ಚಿ, ಬೀರು ಮಾಡುವ ಕಾರ್ಖಾನೆಯೊಂದರಲ್ಲಿ ಪಾಲಿಶ್ ಕೆಲಸ ಮಾಡುತ್ತಿದ್ದ. ಅಣ್ಣ ಹುಟ್ಟುವ ದಿನ ಬೆಳಿಗ್ಗೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿ, ಒಂದು ಮಾತು ಹೇಳಿ ಬಂದುಬಿಡುತ್ತೇನೆಂದು ಕಾರ್ಖಾನೆಗೆ ಹೋದ. ಹಿಂದಿನ ದಿನ ಅವನೇ ಮುಗಿಸಿದ್ದ ಊಟದ ಮೇಜಿನ ಕಾಲಿನಲ್ಲಿ ಪಾಲಿಶ್ ಇಳಿದು ಹನಿಹನಿಯಾಗಿ ಗಟ್ಟಿಯಾಗಿತ್ತು. ಮೇಜು ಒಯ್ಯಲು ಬಂದ ಗಿರಾಕಿಗಳು ಅಲ್ಲೇ ನಿಂತಿದ್ದರು. ಮೇಸ್ತ್ರಿ ಅವರೆದುರೇ ಅಪ್ಪನ ಕೈಗೆ ಉಪ್ಪುಕಾಗದ ಕೊಟ್ಟು, ಮೇಜನ್ನೆಲ್ಲ ಉಜ್ಜಿ ಮೊದಲಿನಿಂದ ಪಾಲಿಶ್ ಹೊಡೆ ಎಂದ.

"ಹೆಂಡ್ತಿ ಆಸ್ಪತ್ರೇಲಿದ್ದಾಳೆ, ಮೇಸ್ತ್ರಿ" ಎಂದು ಅಪ್ಪ ಗೋಗರೆದ.

"ಹೆರೋಳು ಅವಳು. ನೀನೇನು ಹೆರ್ಬೇಕಾ? ಉಜ್ಜು, ಉಜ್ಜು" ಎಂದನಂತೆ ಮೇಸ್ತ್ರಿ. ಗಿರಾಕಿಗಳು ಬಿದ್ದು ಬಿದ್ದು ನಕ್ಕರಂತೆ.

ಸಂಜೆ ಅಪ್ಪ ಆಸ್ಪತ್ರೆಗೆ ಬಂದಾಗ ಮಗು ಹುಟ್ಟಿ ಆರು ಗಂಟೆಯಾಗಿತ್ತು. ಗುಮಾಸ್ತ ಅರ್ಜಿ ಹಿಡಿದು ಬಂದು ಹೆಸರೇನಾದರೂ ಯೋಚಿಸಿದ್ದೀರಾ ಎಂದ. ಅಪ್ಪ ಒಂದು ಕ್ಷಣವೂ ತಡೆಯದೆ ಮೇಸ್ತ್ರಿಯ ಹೆಸರು ಹೇಳಿದ, ಅವನ ಮನೆತನದ ಹೆಸರೂ ಸೇರಿಸಿ. ನಮ್ಮ ಮನೆತನಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಮ್ಮ ಮಲಗಿದ್ದಲ್ಲಿಂದಲೇ, "ಅಯ್ಯೋ, ಅವನ ಹೆಸರು ಯಾಕ್ರೀ?" ಎಂದಳು.

"ಅಲ್ಲಿ ಅವನು ಅಂದದ್ದನ್ನ ನಾನು ಕೇಳ್ಬೇಕು. ಇಲ್ಲಿ ನಾನು ಅಂದದ್ದನ್ನ ಅವನು ಕೇಳ್ಲಿ" ಎಂದ ಅಪ್ಪ. ಇದನ್ನು ಅಮ್ಮನೇ ನನಗೆ ಹೇಳಿದ್ದು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಹೆಸರಿಟ್ಟು ಅಷ್ಟಕ್ಕೇ ಸುಮ್ಮನಾಗಿದ್ದರೆ ಅಣ್ಣ ಬದುಕಿಕೊಳ್ಳುತ್ತಿದ್ದ. ಅಪ್ಪ ಹೆಸರಿನ ಜೊತೆ ಹುದ್ದೆಯನ್ನೂ ಕೊಟ್ಟ. ಮನೆಯಲ್ಲಿ ಅಣ್ಣನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದ. ಮೂರು ವರ್ಷದ ಮೇಸ್ತ್ರಿ, ಚಡ್ಡಿ ಜಾರುವ ಮೇಸ್ತ್ರಿ. ಬೀದಿಯವರಿಗೆ ಅದೊಂದು ತಮಾಷೆ. ನಮ್ಮದು ಎರಡು ಕೋಣೆಯ ಮನೆ, ಬೀದಿಗೆ ಒಂದೇ ಕಿಟಕಿ. ನಿಜವಾದ ಮೇಸ್ತ್ರಿ ದಿನಾ ಐದೂವರೆಗೆ ಕೆಲಸ ಮುಗಿಸಿ ಆ ಕಿಟಕಿಯ ಮುಂದಿನಿಂದಲೇ ಮನೆಗೆ ಹೋಗುತ್ತಿದ್ದ. ಅಪ್ಪ ಅವನಿಗಿಂತ ಹತ್ತು ನಿಮಿಷ ಮೊದಲು ಓಡೋಡಿ ಬಂದು, ಅಣ್ಣನನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಸಹಸ್ರನಾಮ ಶುರು ಮಾಡುತ್ತಿದ್ದ.

"ಏಯ್ ಮೇಸ್ತ್ರಿ, ಕಿವಿ ಹಿಡ್ಕೋ. ನಾಲ್ಕು ಅಕ್ಷರ ಬರಲ್ಲ, ನೀನೊಬ್ಬ ಮನುಷ್ಯನಾ? ನನ್ನ ಚಪ್ಪಲಿ ಒರೆಸು, ಮೇಸ್ತ್ರಿ. ಸರಿಯಾಗಿ ಉಜ್ಜು. ಉಜ್ಜೋ, ಉಜ್ಜು!"

ಅಣ್ಣ ಉಜ್ಜುತ್ತಿದ್ದ. ಮೇಸ್ತ್ರಿ ಟಿಫಿನ್ ಡಬ್ಬಿ ಬೀಸಿಕೊಂಡು, ತಲೆ ಕೂಡ ತಿರುಗಿಸದೆ ಹೋಗುತ್ತಿದ್ದ. ಅವನು ತಿರುಗಿ ನೋಡದಷ್ಟೂ ಅಪ್ಪನ ದನಿ ಏರುತ್ತಿತ್ತು, ಕೈಯೂ ಏರುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದರೆ ಅಣ್ಣ ಮೊದಲು ಮೊಣಕೈ ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದ, ಆಮೇಲೆ "ಬಂದಿದ್ದೀನಿ ಸಾರ್" ಎನ್ನುತ್ತಿದ್ದ. ತರಗತಿಯೆಲ್ಲ ನಗುತ್ತಿತ್ತು. ಎರಡು ತರಗತಿ ಕೆಳಗಿದ್ದ ನನಗೆ ಆ ನಗು ಗೋಡೆಯಾಚೆ ಕೇಳಿಸುತ್ತಿತ್ತು, ಮೈಯೆಲ್ಲ ಉರಿಯುತ್ತಿತ್ತು.

ನನ್ನ ಕಥೆಯೂ ಅಂಥದ್ದೇ. ನಾನು ಹುಟ್ಟಿದ ವರ್ಷ ಅಪ್ಪನಿಗೂ ಮನೆ ಓನರಮ್ಮನಿಗೂ ನೀರಿನ ನಲ್ಲಿಯ ವಿಷಯಕ್ಕೆ ಜಗಳವಾಗಿತ್ತು. ಹೀಗಾಗಿ ಅವಳ ಹೆಸರು ನನಗೆ ಬಂತು, ನಾನು ಓನರಮ್ಮ ಆದೆ. ಆದರೆ ಆ ಜಗಳ ಎರಡೇ ವರ್ಷಕ್ಕೆ ತಣ್ಣಗಾಯಿತು, ನನ್ನ ಪಾಲಿನ ಬೈಗುಳವೂ ಕಡಿಮೆಯಾಯಿತು. ಮೇಸ್ತ್ರಿ ಮಾತ್ರ ದಿನವೂ ಕಾರ್ಖಾನೆಯಲ್ಲಿದ್ದ, ದಿನವೂ ಕಿಟಕಿಯ ಮುಂದೆ ಹೋಗುತ್ತಿದ್ದ. ಅಮ್ಮ ಅಣ್ಣನನ್ನು ಆ ಹೆಸರಿನಿಂದ ಒಮ್ಮೆಯೂ ಕರೆಯಲಿಲ್ಲ. ಅವಳಿಗೆ ಅವನು ಪುಟ್ಟ. ನನಗೆ ಹನ್ನೆರಡಾಗಿದ್ದಾಗ ಅವಳು ತೀರಿಕೊಂಡಳು. ಆಮೇಲೆ ಅಣ್ಣನನ್ನು ಪುಟ್ಟ ಎನ್ನುವವರು ಯಾರೂ ಉಳಿಯಲಿಲ್ಲ.

ಹತ್ತೊಂಬತ್ತಕ್ಕೆ ಅಣ್ಣ ಅದೇ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಬೇರೆಲ್ಲೂ ಸಿಗಲಿಲ್ಲ. ಮೊದಲ ದಿನ ಮೇಸ್ತ್ರಿಯೆದುರು ನಿಂತು ಹೆಸರು ಹೇಳಿದ. ಮೇಸ್ತ್ರಿ ಕಿವಿಯ ಹಿಂದೆ ಕೈಯಿಟ್ಟು, "ಏನು? ಜೋರಾಗಿ ಹೇಳಪ್ಪ. ಗರಗಸದ ಮಿಷನ್ನು ನನ್ನ ಕಿವಿ ತಿಂದು ಹದಿನೆಂಟು ವರ್ಷ ಆಯ್ತು" ಎಂದ.

ಅಣ್ಣ ಮನೆಗೆ ಬಂದು ಇದನ್ನು ಹೇಳಿದ ದಿನ ನಾನು ತಟ್ಟೆಯೆದುರು ಹಾಗೇ ಕೂತುಬಿಟ್ಟೆ. ಹದಿನಾರು ವರ್ಷ! ಕಿಟಕಿಯಿಂದ ಹೊರಟ ಒಂದು ಬೈಗುಳವೂ ಆ ಮನುಷ್ಯನನ್ನು ಮುಟ್ಟಿರಲಿಲ್ಲ. ಗರಗಸದ ಸದ್ದಿಗೆ ಎಲ್ಲರೂ ಕಿರುಚಿಯೇ ಮಾತಾಡುವ ಕಾರ್ಖಾನೆಯಲ್ಲಿ ಅವನ ಕಿವುಡು ಅಪ್ಪನಿಗೂ ತಿಳಿದಿರಲಿಲ್ಲ. ಅಷ್ಟೂ ಬಿದ್ದದ್ದು ಒಬ್ಬ ಹುಡುಗನ ಮೇಲೆ. ಇನ್ನೂ ತಮಾಷೆಯೆಂದರೆ, ಎರಡನೇ ಸಲ ಹೆಸರು ಕೇಳಿಸಿದಾಗ ಮೇಸ್ತ್ರಿಯ ಕಣ್ಣು ತುಂಬಿತಂತೆ. "ನನ್ನ ಹೆಸರು! ನಿಮ್ಮಪ್ಪ ಮಗನಿಗೆ ನನ್ನ ಹೆಸರಿಟ್ಟಿದ್ದಾನಾ? ನಾನು ಅವನನ್ನ ಎಷ್ಟು ಗೋಳು ಹುಯ್ಕೊಂಡಿದ್ದೀನಿ!" ಎಂದನಂತೆ. ಅವತ್ತಿನಿಂದ ಅಣ್ಣನಿಗೆ ಮರದ ಗಂಟು ನೋಡುವುದರಿಂದ ಹಿಡಿದು ಬೀರುವಿನ ಬಾಗಿಲು ಕೂರಿಸುವವರೆಗೆ ಎಲ್ಲವನ್ನೂ ಕೈಹಿಡಿದು ಕಲಿಸಿದ. ಅಪ್ಪ ಅದನ್ನು ನೋಡಿ ಕುದಿದುಹೋದ. ಏನೂ ಅನ್ನುವ ಹಾಗಿರಲಿಲ್ಲ, ಹೆಸರಿಟ್ಟವನು ತಾನೇ.

ನನಗೆ ಹದಿನೆಂಟು ತುಂಬಿದ ವಾರವೇ ವಕೀಲರ ಹತ್ತಿರ ಹೋಗಿ ಅಫಿಡವಿಟ್ ಮಾಡಿಸಿ ಓನರಮ್ಮನನ್ನು ಕಳೆದುಕೊಂಡೆ. ನೀನೂ ಬದಲಾಯಿಸಿಕೋ ಎಂದು ಅಣ್ಣನಿಗೆ ದುಂಬಾಲು ಬಿದ್ದೆ.

"ಬೇಡ. ನಾನು ಬದಲಾಯಿಸ್ಕೊಂಡ್ರೆ ಅಪ್ಪ ಮರೆತುಬಿಡ್ತಾನೆ. ಅವನು ಮರೀಬಾರದು" ಎಂದ ಅಣ್ಣ. ಮೆಲ್ಲಗೆ, ನಗುನಗುತ್ತಲೇ ಅಂದ. ಇವನೊಳಗೂ ಬೆಂಕಿ ಇದೆ ಎಂದು ನನಗೆ ತಿಳಿದದ್ದು ಆಗಲೇ. ನನಗೆ ಎಂಥ ಸಮಾಧಾನವಾಯಿತೆಂದರೆ, ಹೋಗಿ ಅವನಿಗೊಂದು ಹೊಸ ಅಂಗಿ ತಂದೆ.

ಅಣ್ಣನಿಗೆ ಮಗು ತಡವಾಗಿ ಹುಟ್ಟಿತು, ಮೂವತ್ತೆಂಟಕ್ಕೆ. ಗಂಡುಮಗು. ಅಪ್ಪ ಆ ಹೊತ್ತಿಗೆ ಕೆಲಸ ಬಿಟ್ಟು ಅಣ್ಣನ ಮನೆಯಲ್ಲೇ ಇದ್ದ. ಅವನಿಗೆ ಹೊಸ ಶತ್ರುವೊಬ್ಬ ಸಿಕ್ಕಿದ್ದ. ಮಹಡಿಯ ಮೇಲಿನ ಮನೆಯ ಕಂಡಕ್ಟರು. ಆತ ಹೂಕುಂಡಗಳಿಗೆ ನೀರು ಹಾಕಿದರೆ ಅದು ಕೆಳಗೆ ಕೂತ ಅಪ್ಪನ ತಲೆಯ ಮೇಲೆ ಸೋರುತ್ತಿತ್ತು. ಮೂರು ಸಲ ಹೇಳಿದರೂ ಆತ ಕೇಳಿರಲಿಲ್ಲ. ಮಗು ಮನೆಗೆ ಬಂದ ದಿನವೇ ಅಪ್ಪ ತೊಟ್ಟಿಲೊಳಗೆ ಬಗ್ಗಿ ನೋಡಿ, "ಇವನಿಗೆ ಹೆಸರಿಡೋನು ನಾನೇ" ಎಂದ. ಕಂಡಕ್ಟರ ಹೆಸರು ಹೇಳಿ, ಒಮ್ಮೆ ಮೇಲೆ ನೋಡಿ ನಕ್ಕ.

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಗಂಡನ ಕಥೆಯೆಲ್ಲ ಅವಳಿಗೆ ಗೊತ್ತಿತ್ತು. ಅವಳು ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನಂತೂ ಜಗಳಕ್ಕೇ ನಿಂತೆ. ಅಣ್ಣ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, "ಆಯ್ತಪ್ಪ. ಸೋಮವಾರ ಹೋಗಿ ಬರೆಸೋಣ, ನೀನೂ ಬಾ" ಎಂದ.

"ನಿನಗೇನು ತಲೆ ಕೆಟ್ಟಿದೆಯಾ? ಮಗೂನೂ ಬಲಿ ಕೊಡ್ತೀಯಾ?" ಎಂದು ಅಂಗಳಕ್ಕೆ ಎಳೆದುಕೊಂಡು ಹೋಗಿ ಕೇಳಿದೆ.

"ನೀನೂ ಬಾ. ನೋಡೋಕೆ ನೀನಿರ್ಬೇಕು" ಎಂದಷ್ಟೇ ಅಂದ.

ಸೋಮವಾರ ಜನನ ನೋಂದಣಿ ಕಚೇರಿಯಲ್ಲಿ ಉದ್ದ ಸಾಲಿತ್ತು. ಅಪ್ಪ ತಲೆ ಬಾಚಿ, ಇಸ್ತ್ರಿಯ ಅಂಗಿ ಹಾಕಿಕೊಂಡು, ಬೆಂಚಿನ ತುದಿಯಲ್ಲಿ ಕೂತಿದ್ದ. ಕಿಂಡಿಯ ಹಿಂದಿದ್ದ ಗುಮಾಸ್ತೆ ಅಣ್ಣನ ಅರ್ಜಿ ತೆಗೆದುಕೊಂಡು, ಎಲ್ಲರಿಗೂ ಮಾಡುವ ಹಾಗೆ, ಮಗುವಿನ ಹೆಸರನ್ನು ಗಟ್ಟಿಯಾಗಿ ಓದಿ ಸರಿಯಾ ಎಂದಳು. ಓದಿದ್ದು ಅಪ್ಪನ ಹೆಸರು. ಅಪ್ಪನದೇ, ಪೂರ್ತಿ.

ಅಪ್ಪ ಎದ್ದು ನಿಂತ. ಒಂದು ಗಳಿಗೆ ಅವನ ಎದೆ ಉಬ್ಬಿತು. ಸಾಲಿನಲ್ಲಿದ್ದವರ ಕಡೆ ನೋಡಿ, "ನನ್ನ ಹೆಸರು. ಮೊಮ್ಮಗ" ಎಂದ. ಆಮೇಲೆ ಅಣ್ಣನ ಮುಖ ನೋಡಿದ.

"ನಮ್ಮ ಮನೇಲಿ ಯಾರ ಹೆಸರು ಯಾಕೆ ಇಡ್ತಾರೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಪ್ಪ?" ಎಂದ ಅಣ್ಣ.

ಅಪ್ಪ ಬೆಂಚನ್ನು ಹುಡುಕಿ ಕೂತ. ಮನೆಗೆ ಬರುವ ದಾರಿಯುದ್ದಕ್ಕೂ ಬದಲಾಯಿಸೋ, ಬದಲಾಯಿಸೋ ಎಂದು ಬೇಡಿದ. ಬೇಕಾದರೆ ಕಂಡಕ್ಟರ ಹೆಸರೂ ಬೇಡ, ನಿನ್ನಿಷ್ಟದ್ದು ಇಡು, ನನ್ನದು ಮಾತ್ರ ಬೇಡ ಎಂದ. ಅಣ್ಣ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ನಾನು ಅಪ್ಪನ ಪಕ್ಕದಲ್ಲಿ ಕೂತು ಅವನು ಬೇಡಿದ ಒಂದೊಂದು ಮಾತನ್ನೂ ಸವಿದೆ.

ಅವತ್ತಿನಿಂದ ಅಪ್ಪ ಕಾಯತೊಡಗಿದ. ಮಗು ಹಾಲು ಕಕ್ಕಿದರೆ ಅಪ್ಪ ಕುರ್ಚಿಯಲ್ಲಿ ಮುದುಡುತ್ತಿದ್ದ. ಹಾಸಿಗೆ ಒದ್ದೆ ಮಾಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ನಾನೂ ಕಾಯುತ್ತಿದ್ದೆ. ಅಣ್ಣ ಮಗುವನ್ನೆತ್ತಿ, ಅಪ್ಪನ ಹೆಸರು ಹಿಡಿದು ಕರೆದು, "ಪರವಾಗಿಲ್ಲ ಬಿಡೋ ಕಂದ, ಒರೆಸಿದ್ರಾಯ್ತು" ಎನ್ನುತ್ತಿದ್ದ. ಮಗು ಅವನ ಹೊಸ ಬೀರುವಿಗೆ ಮೊಳೆಯಿಂದ ಗೀರಿದ ದಿನವೂ ಅಷ್ಟೇ. ಮತ್ತೆ ಆ ಹೆಸರು, ಮತ್ತೆ "ನನ್ನ ಬಂಗಾರ, ಕೈಗೇನೂ ಆಗಿಲ್ಲ ತಾನೇ?"

ನನಗೆ ತಡೆಯಲಾಗಲಿಲ್ಲ. "ಒಂದೇ ಒಂದು ಸಲ ಬೈಯೋ. ಆ ಹೆಸರು ಹಿಡಿದು, ಜೋರಾಗಿ. ಅದಕ್ಕೇ ತಾನೇ ಇಟ್ಟಿದ್ದು?" ಎಂದೆ.

"ಬೈದ್ರೆ ಮಗೂಗೆ ಬೀಳುತ್ತೆ ಕಣೇ. ಅಪ್ಪನಿಗೆ ಬೈಗುಳ ಏನು ಹೊಸದಾ? ಅವನ ಹೆಸರನ್ನ ಇಷ್ಟು ಮುದ್ದಾಗಿ ಯಾರಾದ್ರೂ ಕರೆದಿದ್ದು ನೀನು ಯಾವತ್ತಾದ್ರೂ ಕೇಳಿದ್ದೀಯಾ?" ಎಂದ ಅಣ್ಣ.

ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲ. ಅವನನ್ನು ಹೆತ್ತವರು, ಮೇಸ್ತ್ರಿ, ಗಿರಾಕಿಗಳು, ಯಾರೂ ಹಾಗೆ ಕರೆದವರಲ್ಲ. ಈಗ ಎಪ್ಪತ್ತರ ಮೇಲೆ, ಬೆಳಿಗ್ಗೆಯಿಂದ ಸಂಜೆಯವರೆಗೆ, ಪಕ್ಕದ ಕೋಣೆಯಿಂದ, ಅಂಗಳದಿಂದ, ಬಚ್ಚಲಿನಿಂದ ಅವನ ಹೆಸರನ್ನು ಮುದ್ದಿಸುವುದು ಕೇಳಿಸುತ್ತಿತ್ತು. ಅತ್ತಿಗೆಯೂ ಸೇರಿಕೊಂಡಳು. ಮಾವನ ಹೆಸರು ಹಿಡಿದು, "ಏನೋ ಕಳ್ಳ, ಹಸಿವಾಯ್ತೇನೋ?" ಎಂದು ಅವಳು ಕೂಗಿದರೆ ಅಪ್ಪನ ತಲೆ ತಾನಾಗಿ ಅತ್ತ ತಿರುಗುತ್ತಿತ್ತು. ಅವನಿಗೆ ಊಟ, ಬಟ್ಟೆ, ಔಷಧಿ ಯಾವುದಕ್ಕೂ ಕೊರತೆಯಿರಲಿಲ್ಲ. ಊಟಕ್ಕೆ ಕರೆಯುವಾಗ ಮಾತ್ರ ಬಾಯಿಬಿಟ್ಟು ಕೂಗದೆ ಬಾಗಿಲಿಗೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು.

ಮಗುವಿಗೆ ಎರಡು ತುಂಬಿದ ಮೇಲೆ ಒಂದು ಸಂಜೆ ನಾನು ಅಲ್ಲಿಗೆ ಹೋಗಿದ್ದೆ. ಅಪ್ಪ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಮಗು ಅವನ ಕಾಲ ಬಳಿ ನೆಲದ ಮೇಲೆ ಮರದ ತುಂಡುಗಳನ್ನು ಜೋಡಿಸುತ್ತಿತ್ತು. ಅಣ್ಣ ಕೆಲಸದಿಂದ ಬಂದವನು ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು, ಕೈ ಚಾಚಿ, ಆ ಹೆಸರು ಹಿಡಿದು ಕರೆದ. "ಎಲ್ಲಿದ್ದೀಯೋ ನನ್ನ ದೊರೆ? ಬಾ, ಇಡೀ ದಿನ ನಿನ್ನದೇ ನೆನಪು ನನಗೆ."

ಅಪ್ಪನಿಗೆ ಎಚ್ಚರವಾಯಿತು. ಪೂರ್ತಿ ಆಗಿರಲಿಲ್ಲವೋ ಏನೋ. ಕುರ್ಚಿಯ ಕೈಗಳನ್ನು ಊರಿ ಎದ್ದ. ಆ ಮುಖವನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಚಿಕ್ಕ ಹುಡುಗನ ಮುಖ. "ಬಂದೆ, ಬಂದೆ" ಎನ್ನುತ್ತ ಎರಡು ಹೆಜ್ಜೆ ಮುಂದಿಟ್ಟ.

ಅಣ್ಣ ಅವನನ್ನು ಬಳಸಿ ಹೋಗಿ, ಬಗ್ಗಿ, ಮಗುವನ್ನೆತ್ತಿಕೊಂಡ.

"ನಿನ್ನನ್ನಲ್ಲಪ್ಪ" ಎಂದ.

ಮೂವತ್ತು ವರ್ಷಕ್ಕೂ ಮೇಲೆ ನಾನು ಕಾದದ್ದು ಇದಕ್ಕೇ. ಸುಳ್ಳೇಕೆ ಹೇಳಲಿ, ನನಗೆ ಸಂತೋಷವೇ ಆಯಿತು. ಅಪ್ಪ ಕೋಣೆಯ ನಡುವೆ, ಅರ್ಧ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ, ಹಾಗೇ ನಿಂತಿದ್ದ.